ಬೇಟೆಗೆ ಮುನ್ನ ಕಾಗದಕ್ಕೆ ಗುಂಡು

1907ರಲ್ಲಿ ಕುಮಾವೂಂ ಬೆಟ್ಟಗಳ ಚಂಪಾವತದಲ್ಲಿ ಜಿಮ್ ಕಾರ್ಬೆಟ್ ಒಂದು ಹೆಣ್ಣುಹುಲಿಯನ್ನು ಕೊಂದರು. ಮೊದಲು ನೇಪಾಳದಲ್ಲಿ, ಆಮೇಲೆ ಕುಮಾವೂಂನಲ್ಲಿ ಅದು ಬಲಿ ತೆಗೆದುಕೊಂಡವರು 436 ಮಂದಿ ಎನ್ನುತ್ತದೆ ಆ ಕಾಲದ ಲೆಕ್ಕ. ಸತ್ತ ಹುಲಿಯ ಬಾಯಿ ಬಿಡಿಸಿ ನೋಡಿದರೆ, ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧಕ್ಕೆ ಮುರಿದಿತ್ತು. ಕೆಳಗಿನದು ಬುಡದವರೆಗೂ ಹೋಗಿತ್ತು. ಎಂದೋ ಬಿದ್ದ ಗುಂಡಿನಿಂದ ಆದ ಊನ ಅದು, ಕಾಡಿನ ಪ್ರಾಣಿಗಳನ್ನು ಹಿಡಿಯಲಾಗದೆ ಹುಲಿ ಮನುಷ್ಯರ ಮೇಲೆ ತಿರುಗಿತು ಎಂಬುದು ಕಾರ್ಬೆಟ್ ಕಂಡುಕೊಂಡ ಕಾರಣ. ಆ ಗುಂಡು ಹೊಡೆದವನು ಯಾರೋ ಗೊತ್ತಿಲ್ಲ. ಅವನ ಗುರಿ ಒಂದು ಗೇಣು ತಪ್ಪಿತ್ತು, ಅಷ್ಟೆ.

ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಕಾರ್ಬೆಟ್ ಮತ್ತು ಕೆನೆತ್ ಆಂಡರ್ಸನ್‌ರನ್ನು ಓದಿಕೊಂಡು ಬೆಳೆದ ನಮಗೆ ಶಿಕಾರಿಯೆಂದರೆ ಮಚಾನು, ಬೆಳದಿಂಗಳು, ಕೊನೆಗೊಂದು ಈಡು. ಆ ಈಡಿಗೆ ಮುಂಚಿನ ತಿಂಗಳುಗಳಲ್ಲಿ ಶಿಕಾರಿಯವನು ಏನು ಮಾಡುತ್ತಿದ್ದ ಎಂದು ನಾವು ಕೇಳುವುದಿಲ್ಲ. ಇಂದಿಗೂ ಬೇಟೆ ಕಾನೂನುಬದ್ಧವಾಗಿರುವ ಉತ್ತರ ಯೂರೋಪಿನ ದೇಶಗಳಲ್ಲಾದರೆ ಸರ್ಕಾರವೇ ಆ ಪ್ರಶ್ನೆ ಕೇಳುತ್ತದೆ. ಕಾಡಿಗೆ ಕಾಲಿಡುವ ಮೊದಲು ಕಾಗದದ ಪ್ರಾಣಿಗೆ ಹೊಡೆದು ತೋರಿಸು ಎನ್ನುತ್ತದೆ. ಹೊಡೆಯಲಾಗದವನಿಗೆ ಆ ಸಲದ ಬೇಟೆ ಇಲ್ಲ.

4 ಗುಂಡು, 90 ಸೆಕೆಂಡು

ಫಿನ್ಲೆಂಡಿನ ಜನಸಂಖ್ಯೆ ಸುಮಾರು 56 ಲಕ್ಷ. ಅದರಲ್ಲಿ ಬೇಟೆಯ ಕಾರ್ಡು ಇಟ್ಟುಕೊಂಡವರೇ ಸುಮಾರು 3 ಲಕ್ಷ. ಅವರ ವರ್ಷದ ದೊಡ್ಡ ಬೇಟೆ ಮೂಸ್. ಜಿಂಕೆಯ ಕುಲದಲ್ಲೇ ಅತಿ ದೊಡ್ಡ ಪ್ರಾಣಿಯಿದು; ಬಲಿತ ಗಂಡು 400–500 ಕಿಲೋ ತೂಗುತ್ತದೆ, ನಮ್ಮ ಕಡವೆ ಅದರ ಪಕ್ಕದಲ್ಲಿ ಚಿಕ್ಕದಾಗಿ ಕಾಣುತ್ತದೆ. ಕಾರ್ಡು ಪಡೆಯಲು ಬೇಟೆಗಾರರ ಲಿಖಿತ ಪರೀಕ್ಷೆ ಪಾಸಾಗಬೇಕು. ಮೂಸ್‌ಗೆ ರೈಫಲ್ ಎತ್ತಬೇಕಾದರೆ ಅದರ ಮೇಲೆ ಗುರಿ ಪರೀಕ್ಷೆಯೂ ಆಗಬೇಕು. ಒಮ್ಮೆ ಪಾಸಾದರೆ 3 ವರ್ಷ ಚಾಲ್ತಿ, ಆಮೇಲೆ ಮತ್ತೆ ಬರೆಯಬೇಕು, ಅಂದರೆ ಮತ್ತೆ ಹೊಡೆಯಬೇಕು.

ಪರೀಕ್ಷೆ ನಡೆಯುವುದು ಹೆಚ್ಚಾಗಿ ಬೇಸಿಗೆಯ ಸಂಜೆಗಳಲ್ಲಿ, ಊರ ಹೊರಗಿನ ಗುರಿ ಮೈದಾನದಲ್ಲಿ. ರಾತ್ರಿ ಹತ್ತಾದರೂ ಅಲ್ಲಿ ಬೆಳಕಿರುತ್ತದೆ. 75 ಮೀಟರ್ ದೂರದಲ್ಲಿ ಹಲಗೆಯ ಮೇಲೆ ಮಗ್ಗಲು ತೋರಿಸಿ ನಿಂತ ಮೂಸ್‌ನ ಚಿತ್ರ. ಅದರ ಮುಂಗಾಲಿನ ಹಿಂದೆ, ಹೃದಯ ಮತ್ತು ಶ್ವಾಸಕೋಶ ಇರುವ ಜಾಗದಲ್ಲಿ 23 ಸೆಂಟಿಮೀಟರ್ ಅಗಲದ ಒಂದು ವೃತ್ತ. ಊಟದ ತಟ್ಟೆಗಿಂತ ಕಿರಿದು. ಸೂಚನೆ ಸಿಕ್ಕ ಮೇಲೆ 90 ಸೆಕೆಂಡು. ಅಷ್ಟರೊಳಗೆ 4 ಗುಂಡು, ನಾಲ್ಕೂ ವೃತ್ತದ ಒಳಗೆ. ಮೂರು ಒಳಗೆ ಬಿದ್ದು ಒಂದು ಗೆರೆಯಾಚೆ ಹೋದರೆ ಫೇಲು. ಮುಗಿದ ಮೇಲೆ ಪರೀಕ್ಷಕರೂ ಹೊಡೆದವರೂ ಹಲಗೆಯ ತನಕ ನಡೆದುಹೋಗಿ ಒಂದೊಂದೇ ತೂತು ನೋಡುತ್ತಾರೆ. ಅಲ್ಲಿ ವಾದಕ್ಕೆ ಜಾಗವಿಲ್ಲ. ತೂತು ಎಲ್ಲಿದೆಯೋ ಅಲ್ಲೇ ಇರುತ್ತದೆ.

ನಾರ್ವೆಯಲ್ಲಿ ಇದು ಪ್ರತಿ ವರ್ಷದ ಪರೀಕ್ಷೆ. 100 ಮೀಟರ್ ದೂರದ ಹಿಮಸಾರಂಗದ ಚಿತ್ರಕ್ಕೆ 5 ಗುಂಡು, ಐದೂ 30 ಸೆಂಟಿಮೀಟರ್ ವೃತ್ತದೊಳಗೆ ಬೀಳಬೇಕು. ಹೋದ ವರ್ಷ ದೊಡ್ಡ ಕೊಂಬಿನ ಮೂಸ್ ಹೊಡೆದವನಿಗೂ ವಿನಾಯಿತಿ ಇಲ್ಲ. ಸ್ವೀಡನ್ನಿನಲ್ಲಿ 1985ರಿಂದ ಬೇಟೆಗಾರರ ಪರೀಕ್ಷೆ ಇದೆ, ಅದರಲ್ಲಿ ಗುರಿ ಹೊಡೆಯುವುದೂ ಸೇರಿದೆ. ಅಮೆರಿಕದ ರಾಜ್ಯಗಳಲ್ಲಿ ಹೊಸ ಬೇಟೆಗಾರರಿಗೆ ಸುರಕ್ಷತೆಯ ತರಬೇತಿ ಕಡ್ಡಾಯ, ಆದರೆ ವರ್ಷವರ್ಷವೂ ಗುರಿ ಪರೀಕ್ಷೆ ಮಾಡುವ ರೂಢಿ ಇಲ್ಲ. ಜಿಂಕೆಯ ಸೀಸನ್ನಿಗೆ ಮುಂಚೆ ಕ್ಲಬ್ಬಿಗೆ ಹೋಗಿ ಕೋವಿ ಸರಿನೋಡಿಕೊಳ್ಳುವುದು ಅವರವರ ಜವಾಬ್ದಾರಿ.

ಈ ವೃತ್ತಗಳ ಅಳತೆಯಲ್ಲೇ ಅರ್ಥವಿದೆ. ಮೂಸ್‌ನ ಎದೆಯ ಭಾಗ 23 ಸೆಂಟಿಮೀಟರಿಗಿಂತ ದೊಡ್ಡದು. ಆದರೆ ಗುಂಡು ಒಂದಿಷ್ಟು ಹಿಂದೆ ಬಿದ್ದರೆ ಹೊಟ್ಟೆ, ಮುಂದೆ ಬಿದ್ದರೆ ಭುಜ, ಕೆಳಗೆ ಬಿದ್ದರೆ ಕಾಲು. ಅಂಥ ಪ್ರಾಣಿ ಅಲ್ಲೇ ಬೀಳುವುದಿಲ್ಲ. ಓಡುತ್ತದೆ, ಎಲ್ಲೋ ಪೊದೆಯಲ್ಲಿ ನರಳುತ್ತದೆ. ಮೈದಾನದ ಶಾಂತಿಯಲ್ಲೇ ಅಷ್ಟು ಗುರಿ ಸಾಧಿಸದವನು ಕಾಡಿನ ಗಡಿಬಿಡಿಯಲ್ಲಿ ಸಾಧಿಸುವುದು ಹೇಗೆ ಎಂಬುದು ಕಾನೂನಿನ ಸರಳ ತರ್ಕ.

ಮೊದಲು ಕೋವಿಯ ಪರೀಕ್ಷೆ

ಮನುಷ್ಯನ ಅಭ್ಯಾಸಕ್ಕೆ ಮುಂಚೆ ಕೋವಿಯದ್ದೇ ಒಂದು ಕೆಲಸವಿದೆ. ನಳಿಗೆ ಒಂದು ಕಡೆ ನೋಡುತ್ತಿದ್ದು, ಮೇಲೆ ಕೂರಿಸಿದ ದುರ್ಬೀನು, ಅಂದರೆ ಸ್ಕೋಪ್, ಇನ್ನೊಂದು ಕಡೆ ನೋಡುತ್ತಿದ್ದರೆ ಎಂಥ ಗುರಿಕಾರನೂ ತಪ್ಪುತ್ತಾನೆ. ವರ್ಷವಿಡೀ ಬೀರುವಿನಲ್ಲಿದ್ದ, ಕಾರಿನ ಡಿಕ್ಕಿಯಲ್ಲಿ ಕುಲುಕಾಡಿದ ರೈಫಲ್ ಹಳೆಯ ಹೊಂದಾಣಿಕೆಯಲ್ಲೇ ಇದೆ ಎಂದು ನಂಬುವಂತಿಲ್ಲ.

ಅದಕ್ಕೆ ಮೈದಾನದಲ್ಲಿ ಗಟ್ಟಿಯಾದ ಮೇಜು, ಮರಳಿನ ಚೀಲ. ಕೋವಿಯನ್ನು ಚೀಲದ ಮೇಲೆ ಒರಗಿಸಿ, ಕೈಯ ನಡುಕ ಆದಷ್ಟು ಇಲ್ಲವಾಗಿಸಿ, 100 ಮೀಟರ್ ದೂರದ ಕಾಗದದ ಒಂದೇ ಚುಕ್ಕೆಗೆ ಮೂರು ಗುಂಡು ಹೊಡೆಯುತ್ತಾರೆ. ಮೂರೂ ಒಂದು ಗುಂಪಾಗಿ ಬಿದ್ದರೆ ಕೋವಿ ಸರಿಯಿದೆ, ಗುಂಪು ಎಲ್ಲಿ ಬಿದ್ದಿದೆ ಎಂದು ನೋಡಿದರೆ ಸಾಕು. ಚುಕ್ಕೆಯಿಂದ 6 ಸೆಂಟಿಮೀಟರ್ ಎಡಕ್ಕೆ, 4 ಸೆಂಟಿಮೀಟರ್ ಕೆಳಕ್ಕೆ ಇದೆ ಎಂದುಕೊಳ್ಳಿ. ಯೂರೋಪಿನ ಬಹಳಷ್ಟು ಸ್ಕೋಪ್‌ಗಳಲ್ಲಿ ತಿರುಪನ್ನು ಒಂದು ‘ಕ್ಲಿಕ್’ ತಿರುಗಿಸಿದರೆ 100 ಮೀಟರಿನಲ್ಲಿ ಗುಂಡು 1 ಸೆಂಟಿಮೀಟರ್ ಸರಿಯುತ್ತದೆ. ಬಲಕ್ಕೆ 6 ಕ್ಲಿಕ್, ಮೇಲಕ್ಕೆ 4 ಕ್ಲಿಕ್. ಮತ್ತೆ ಮೂರು ಗುಂಡು. ಒಂದೇ ಗುಂಡಿನ ತೂತು ನೋಡಿ ತಿರುಪು ತಿರುಗಿಸುವವನು ಸಂಜೆಯವರೆಗೂ ತೋಟೆ ಸುಡುತ್ತಾನೆ, ಕೋವಿ ಮಾತ್ರ ಸರಿಹೋಗುವುದಿಲ್ಲ.

ಇಲ್ಲಿ ಎರಡು ಸಂಗತಿ ಹೊಸಬರಿಗೆ ಹೊಳೆಯುವುದಿಲ್ಲ. ಒಂದು, ತೋಟೆ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗುತ್ತದೆ. ಕಡಿಮೆ ಬೆಲೆಯ ತೋಟೆಯಲ್ಲಿ ಗುರಿ ಹೊಂದಿಸಿ, ಬೇಟೆಗೆ ಒಳ್ಳೆಯ ತೋಟೆ ಒಯ್ದರೆ ಮಾಡಿದ ಕೆಲಸವೆಲ್ಲ ವ್ಯರ್ಥ. ಎರಡು, ಕಾದ ನಳಿಗೆಗೂ ತಣ್ಣಗಿನ ನಳಿಗೆಗೂ ವ್ಯತ್ಯಾಸವಿದೆ. ಎಣ್ಣೆ ಸವರಿದ, ತಣ್ಣನೆಯ ನಳಿಗೆಯಿಂದ ಹೊರಟ ಮೊದಲ ಗುಂಡು ಉಳಿದವುಗಳ ಜೊತೆ ಸೇರದೆ ಬೇರೆ ಕಡೆ ಬೀಳಬಹುದು. ಕಾಡಿನಲ್ಲಿ ಸಿಗುವುದು ಆ ಮೊದಲ ಗುಂಡಿನ ಅವಕಾಶವೇ. ಆದ್ದರಿಂದ ಅನುಭವಿಗಳು ಮೈದಾನಕ್ಕೆ ಹೋದ ದಿನದ ಮೊದಲ ಈಡನ್ನು ಬೇರೆ ಕಾಗದಕ್ಕೆ ಹೊಡೆದು, ಅದನ್ನು ಗುರುತು ಹಾಕಿ ಇಟ್ಟುಕೊಳ್ಳುತ್ತಾರೆ.

ಗುಂಡು ನೇರ ಗೆರೆಯಲ್ಲಿ ಹೋಗುತ್ತದೆ ಎಂಬ ಭ್ರಮೆಯೂ ಮೈದಾನದಲ್ಲೇ ಕಳೆಯುತ್ತದೆ. ನಳಿಗೆಯಿಂದ ಸೆಕೆಂಡಿಗೆ 850 ಮೀಟರ್‌ನಂತೆ ಹೊರಟರೂ ಅದು ನೆಲದ ಕಡೆ ಬೀಳುತ್ತಲೇ ಸಾಗುತ್ತದೆ. ಬೇಟೆಯಲ್ಲಿ ಬಹಳ ಬಳಕೆಯಲ್ಲಿರುವ .308 ತೋಟೆಯನ್ನು 100 ಮೀಟರಿಗೆ ಹೊಂದಿಸಿದ್ದರೆ, 200 ಮೀಟರಿನಲ್ಲಿ ಗುಂಡು ಸುಮಾರು 10–12 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. 300 ಮೀಟರಿನಲ್ಲಿ 40 ಸೆಂಟಿಮೀಟರಿಗೂ ಕೆಳಗೆ. ಎದೆಗೆ ಹಿಡಿದದ್ದು ಕಾಲಿಗೆ ಬೀಳಲು ಅಷ್ಟು ಸಾಕು. ದೂರವನ್ನು ಕಣ್ಣಳತೆಯಲ್ಲಿ ಹೇಳಿ, ಆಮೇಲೆ ಅಳೆದು ನೋಡುವುದು ಹೀಗಾಗಿ ಅಭ್ಯಾಸದ ಇನ್ನೊಂದು ಪಾಠ. ಕಣಿವೆಯಾಚೆಯ ಪ್ರಾಣಿ ಇರುವುದಕ್ಕಿಂತ ಹತ್ತಿರ ಕಾಣುತ್ತದೆ, ಮಬ್ಬು ಬೆಳಕಿನಲ್ಲಿ ದೂರ ಕಾಣುತ್ತದೆ.

ಮೇಜಿನಿಂದ ಎದ್ದ ಮೇಲೆ

ಕೋವಿ ಹೊಂದಿತು. ಈಗ ಮನುಷ್ಯನ ಸರದಿ.

ಮರಳಿನ ಚೀಲದ ಮೇಲಿಂದ ಮೂರು ಗುಂಡನ್ನು ಬೆಂಕಿಪೊಟ್ಟಣದಷ್ಟು ಜಾಗದಲ್ಲಿ ಹೊಡೆದವನು ಎದ್ದು ನಿಂತು ಹೊಡೆದರೆ ಅದೇ ಮೂರು ಗುಂಡು ಇಡೀ ಹಲಗೆಯ ಮೇಲೆ ಚದುರುತ್ತವೆ. ಲೆಕ್ಕ ಸರಳ. ರೈಫಲಿನ ಉದ್ದ ಸುಮಾರು ಒಂದು ಮೀಟರ್. ಭುಜಕ್ಕೆ ಒತ್ತಿದ ಕೋವಿಯ ತುದಿ 1 ಮಿಲಿಮೀಟರ್ ಅಲುಗಿದರೆ 100 ಮೀಟರ್ ದೂರದಲ್ಲಿ ಗುಂಡು 10 ಸೆಂಟಿಮೀಟರ್ ಆಚೆ ಹೋಗುತ್ತದೆ. ನಿಂತವನ ಎದೆಬಡಿತ, ಉಸಿರು, ತೋಳಿನ ಆಯಾಸ ಎಲ್ಲ ಸೇರಿ ಎಷ್ಟು ಮಿಲಿಮೀಟರ್ ಅಲುಗಿಸುತ್ತವೆ ಎಂದು ನೀವೇ ಊಹಿಸಿ.

ಕಾಡಿನಲ್ಲಿ ಮೇಜು ಸಿಗದು. ಮರದ ಕಾಂಡಕ್ಕೆ ಕೈಯೊತ್ತಿ, ಮಂಡಿಯೂರಿ, ಕೂತು ಎರಡು ಮೊಣಕಾಲ ಮೇಲೆ ಮೊಣಕೈ ಊರಿ, ಬೆನ್ನಚೀಲದ ಮೇಲೆ ಕೋವಿಯಿಟ್ಟು ಮಲಗಿ, ಕವಲುಗೋಲಿಗೆ ಒರಗಿಸಿ ಹೊಡೆಯುವುದನ್ನು ರೂಢಿ ಮಾಡಿಕೊಳ್ಳಬೇಕು. ಉಸಿರು ಎಳೆದು, ಅರ್ಧ ಬಿಟ್ಟು, ತಡೆದು, ಟ್ರಿಗರನ್ನು ಬೆರಳ ತುದಿಯಿಂದ ನಿಧಾನಕ್ಕೆ ಒತ್ತುತ್ತಾ ಹೋಗಬೇಕು. ಉಸಿರು ಹೆಚ್ಚು ಹೊತ್ತು ಹಿಡಿದರೆ ಕಣ್ಣು ಮಂಜಾಗುತ್ತದೆ. ಆಗ ಗುರಿ ಇಳಿಸಿ ಮತ್ತೆ ಶುರು ಮಾಡಬೇಕು. ಬೇಟೆ ನಡೆಯುವುದು ಸೆಪ್ಟೆಂಬರ್, ಅಕ್ಟೋಬರಿನ ಚಳಿಯಲ್ಲಿ. ಅಂಗಿಯಲ್ಲಿ ಅಭ್ಯಾಸ ಮಾಡಿದವನಿಗೆ ದಪ್ಪ ಕೋಟು ತೊಟ್ಟಾಗ ಕೋವಿಯ ಹಿಡಿ ಉದ್ದವಾದಂತೆ ಅನ್ನಿಸುತ್ತದೆ, ಕೈಗವಸಿನ ಬೆರಳಿಗೆ ಟ್ರಿಗರ್ ತಿಳಿಯುವುದೇ ಇಲ್ಲ. ಬಲ್ಲವರು ಬೇಸಿಗೆಯ ಬಿಸಿಲಲ್ಲೂ ಕೆಲವು ಸುತ್ತು ಕೋಟು, ಕೈಗವಸು ಹಾಕಿಕೊಂಡೇ ಹೊಡೆಯುತ್ತಾರೆ.

ಎಲ್ಲಕ್ಕಿಂತ ಹಟಮಾರಿ ಶತ್ರು ಬೆಚ್ಚುವಿಕೆ. ರೈಫಲಿನ ಸದ್ದು 150 ಡೆಸಿಬೆಲ್ ದಾಟುತ್ತದೆ. 140 ಮೀರಿದ ಒಂದೇ ಸಿಡಿತ ಕಿವಿಗೆ ಕಾಯಂ ಪೆಟ್ಟು ಕೊಡಬಲ್ಲದು. ಜೊತೆಗೆ ಭುಜಕ್ಕೆ ಗುದ್ದು. ಕಣ್ಣನ್ನು ಸ್ಕೋಪಿಗೆ ತೀರಾ ಹತ್ತಿರ ಇಟ್ಟ ಹೊಸಬನಿಗೆ ಹಿಂದೆ ಚಿಮ್ಮಿದ ಸ್ಕೋಪಿನ ಅಂಚು ಹುಬ್ಬಿನ ಮೇಲೆ ಅರ್ಧಚಂದ್ರದಂತೆ ಕೊಯ್ಯುತ್ತದೆ. ಮೈದಾನದಲ್ಲಿ ಆ ಗಾಯ ನೋಡಿದವರಿಗೆ ಕಥೆ ಕೇಳುವ ಅಗತ್ಯವೇ ಇಲ್ಲ. ಒಮ್ಮೆ ಪೆಟ್ಟು ತಿಂದ ಮೈ ಮುಂದಿನ ಸಲ ಮೊದಲೇ ಹೆದರುತ್ತದೆ: ಟ್ರಿಗರ್ ಒತ್ತುವ ಕ್ಷಣಕ್ಕೆ ಕಣ್ಣು ಮುಚ್ಚುತ್ತದೆ, ಭುಜ ಮುಂದಕ್ಕೆ ತಳ್ಳುತ್ತದೆ, ನಳಿಗೆ ಬಾಗುತ್ತದೆ. ಹೊಡೆದವನಿಗೆ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಸದ್ದು, ಹೊಗೆ, ಗುದ್ದು ಎಲ್ಲವನ್ನೂ ಮುಚ್ಚಿಹಾಕುತ್ತವೆ.

ಅದನ್ನು ಬಯಲು ಮಾಡುವ ಹಳೆಯ ಉಪಾಯವೊಂದಿದೆ. ಜೊತೆಗಾರ ಕೋವಿ ತುಂಬಿಸಿಕೊಡುತ್ತಾನೆ. ಕೆಲವು ಸಲ ನಿಜವಾದ ತೋಟೆ, ಕೆಲವು ಸಲ ಸಿಡಿಯದ ಹುಸಿ ತೋಟೆ. ಯಾವುದು ಎಂದು ಹೊಡೆಯುವವನಿಗೆ ತಿಳಿಸುವುದಿಲ್ಲ. ಅವನು ಗುರಿ ಹಿಡಿದು ಟ್ರಿಗರ್ ಒತ್ತುತ್ತಾನೆ. ‘ಟಿಕ್’ ಎಂದಷ್ಟೇ ಸದ್ದು. ಆದರೆ ನಳಿಗೆಯ ತುದಿ ಎದ್ದು ಕಾಣುವಂತೆ ಕೆಳಕ್ಕೆ ಕುಕ್ಕುತ್ತದೆ. ಗುಂಡೇ ಇಲ್ಲದ ಕೋವಿ ಏಕೆ ಕುಕ್ಕಿತು? ಅಲ್ಲಿಗೆ ಕೋವಿಯ ಮೇಲೆ, ಗಾಳಿಯ ಮೇಲೆ, ತೋಟೆಯ ಮೇಲೆ ತಪ್ಪು ಹೊರಿಸುವ ದಾರಿ ಮುಚ್ಚುತ್ತದೆ. ಪರಿಹಾರವೂ ಸಾವಧಾನದ್ದೇ: ಮನೆಯಲ್ಲಿ ಖಾಲಿ ಕೋವಿಯನ್ನು ಎರಡೆರಡು ಸಲ ಪರೀಕ್ಷಿಸಿ, ತೋಟೆಗಳನ್ನು ಬೇರೆ ಕೋಣೆಯಲ್ಲಿಟ್ಟು, ದಿನವೂ ಸ್ವಲ್ಪ ಹೊತ್ತು ಬರಿದೇ ಟ್ರಿಗರ್ ಒತ್ತುವುದು; ಮೈದಾನದಲ್ಲಿ ಗುದ್ದಿಲ್ಲದ .22 ರೈಫಲಿನಲ್ಲಿ ಹೆಚ್ಚು ಹೊಡೆದು, ದೊಡ್ಡ ಕೋವಿಯಲ್ಲಿ ಕಡಿಮೆ ಹೊಡೆಯುವುದು. ಫಿನ್ಲೆಂಡ್, ನಾರ್ವೆಗಳಲ್ಲಿ ಬೇಟೆಯ ರೈಫಲಿಗೆ ಸದ್ದಡಗಿಸುವ ಸಾಧನ ಹಾಕುವುದು ಸಾಮಾನ್ಯ ಮತ್ತು ಕಾನೂನುಬದ್ಧ. ಕಿವಿ ಉಳಿಯುತ್ತದೆ, ಬೆಚ್ಚುವುದೂ ಕಡಿಮೆಯಾಗುತ್ತದೆ.

ಓಡುವ ಹಲಗೆ

ನಿಂತ ಪ್ರಾಣಿಯೇ ಇಷ್ಟು ಕಷ್ಟವಾದರೆ ಓಡುವುದು? ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಅಡ್ಡ ಹೋಗುವ ಮೂಸ್, 100 ಮೀಟರ್ ದೂರದಲ್ಲಿದ್ದರೆ, ಗುಂಡು ಅಲ್ಲಿಗೆ ಮುಟ್ಟುವಷ್ಟರಲ್ಲಿ ಸುಮಾರು 1 ಮೀಟರ್ ಮುಂದೆ ಹೋಗಿರುತ್ತದೆ. ಎದೆಗೆ ಗುರಿ ಹಿಡಿದರೆ ಗುಂಡು ಹೊಟ್ಟೆಯ ಹಿಂಭಾಗಕ್ಕೆ. ಇದಕ್ಕೆಂದೇ ಸ್ವೀಡನ್ನಿನ ಮೈದಾನಗಳಲ್ಲಿ ಹಳಿಯ ಮೇಲೆ ಓಡುವ ಮೂಸ್ ಹಲಗೆಗಳಿವೆ. 80 ಮೀಟರ್ ದೂರದಲ್ಲಿ ನಿಂತು ಹೊಡೆಯಬೇಕು.

ಈ ಅಭ್ಯಾಸ ಒಮ್ಮೆ ಒಲಿಂಪಿಕ್ಸ್‌ವರೆಗೂ ಹೋಗಿತ್ತು. 1908ರ ಲಂಡನ್ ಕ್ರೀಡಾಕೂಟದಲ್ಲಿ ‘ಓಡುವ ಜಿಂಕೆ’ ಎಂಬ ಸ್ಪರ್ಧೆ ಸೇರಿತು. ಹಳಿಯ ಮೇಲೆ ಸಾಗುವ ಜಿಂಕೆಯಾಕಾರದ ಹಲಗೆಗೆ ಹೊಡೆಯಬೇಕಿತ್ತು. ಚಿನ್ನ ಗೆದ್ದವರು ಸ್ವೀಡನ್ನಿನ ಆಸ್ಕರ್ ಸ್ವಾನ್; ಆಗ ಅವರ ವಯಸ್ಸು 60. 1912ರಲ್ಲಿ ಸ್ಟಾಕ್‌ಹೋಮಿನಲ್ಲಿ ತಂಡದ ಚಿನ್ನ ಗೆದ್ದಾಗ 64. ಒಲಿಂಪಿಕ್ ಚಿನ್ನ ಗೆದ್ದ ಅತಿ ಹಿರಿಯ ಎಂಬ ದಾಖಲೆ ಇಂದಿಗೂ ಅವರದೇ. 1920ರಲ್ಲಿ 72ರ ವಯಸ್ಸಿನಲ್ಲಿ ತಂಡದ ಬೆಳ್ಳಿಯನ್ನೂ ತಂದರು. ಜೊತೆಗೆ ಸ್ಪರ್ಧಿಸುತ್ತಿದ್ದ ಮಗ ಆಲ್ಫ್ರೆಡ್ ಗೆದ್ದದ್ದು ಒಟ್ಟು 9 ಪದಕ. ಓಡುವ ಜಿಂಕೆಯ ಸ್ಪರ್ಧೆ 1956ರ ನಂತರ ಒಲಿಂಪಿಕ್ಸ್‌ನಲ್ಲಿ ನಡೆಯಲಿಲ್ಲ. ಕಣ್ಣು, ಕೈ ಎರಡೂ ಎಪ್ಪತ್ತರಲ್ಲೂ ಮಾತು ಕೇಳುವಂತೆ ಇಟ್ಟುಕೊಳ್ಳಬಹುದು ಎಂಬುದಕ್ಕೆ ಸ್ವಾನ್ ಸಾಕ್ಷಿ.

ಇಷ್ಟೆಲ್ಲ ಹೊಡೆದು ಕಲಿತವನಿಗೆ ಕೊನೆಗೆ ಸಿಗುವುದು ಒಂದು ಸಂಖ್ಯೆ. ಮಂಡಿಯೂರಿ ನೂರು ಮೀಟರ್ ನನಗೆ ಸರಿ, ನಿಂತು ಐವತ್ತಕ್ಕಿಂತ ಆಚೆ ಬೇಡ, ಓಡುವುದಕ್ಕೆ ಹೊಡೆಯಲೇಬಾರದು. ಈ ತಿಳಿವಳಿಕೆಗಾಗಿಯೇ ಅಷ್ಟು ತಿಂಗಳ ತೋಟೆ, ದುಡ್ಡು, ಬೇಸಿಗೆಯ ಸಂಜೆಗಳು. ಒಳ್ಳೆಯ ಬೇಟೆಗಾರನನ್ನು ಅಲ್ಲಿನವರು ಅಳೆಯುವುದು ಅವನು ಬಿಟ್ಟುಕೊಟ್ಟ ಪ್ರಾಣಿಗಳಿಂದಲೂ ಹೌದು. ಹೃದಯಕ್ಕೇ ಗುಂಡು ತಗುಲಿದ ಮೂಸ್ ಕೂಡ ಹತ್ತಾರು ಮೀಟರ್ ಓಡಬಲ್ಲದು. ಗಾಯಗೊಂಡ ಪ್ರಾಣಿಯನ್ನು ಹುಡುಕಲು ಪಳಗಿದ ನಾಯಿ ಎರಡು ಗಂಟೆಯೊಳಗೆ ಜಾಗಕ್ಕೆ ಬರುವಂತಿರಬೇಕು ಎಂದು ಸ್ವೀಡನ್ ನಿಯಮವನ್ನೇ ಮಾಡಿದೆ. ತಪ್ಪು ಆಗಿಯೇ ಆಗುತ್ತದೆ ಎಂದು ಒಪ್ಪಿಕೊಂಡ ಕಾನೂನು ಅದು.

ಕೈಲ್ ಪೊಳ್ದಿನ ತೆಂಗಿನಕಾಯಿ

ಸ್ವೀಡನ್ನಿನ ಉತ್ತರ ಭಾಗದಲ್ಲಿ ಮೂಸ್ ಬೇಟೆ ಶುರುವಾಗುವುದು ಸೆಪ್ಟೆಂಬರಿನ ಮೊದಲ ಸೋಮವಾರ. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಸೆಪ್ಟೆಂಬರ್ 3ರ ಆಸುಪಾಸಿನಲ್ಲಿ, ನಮ್ಮ ಕೊಡಗಿನಲ್ಲಿ ಆಯುಧಗಳ ಹಬ್ಬವಾದ ಕೈಲ್ ಪೊಳ್ದ್ ಬರುತ್ತದೆ. ನಾಟಿಯ ತಿಂಗಳುಗಳಲ್ಲಿ ಕೋವಿ, ಒಡಿಕತ್ತಿಗಳೆಲ್ಲ ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ಕನ್ನಿಕೊಂಬರೆ ಎಂಬ ದೇವರ ಕೋಣೆಯಲ್ಲಿ ಇರುತ್ತಿದ್ದವು. ನಾಟಿ ಮುಗಿದು ಪೈರು ಏಳುವ ಹೊತ್ತಿಗೆ ಕಾಡುಹಂದಿಯ ಕಾಟ ಶುರು. ಆಗ ಆಯುಧಗಳನ್ನು ಹೊರಗೆ ತೆಗೆದು, ತೋಕ್ ಪೂ ಎಂಬ ಹೂವಿನಿಂದ ಸಿಂಗರಿಸಿ, ಪೂಜೆ ಮಾಡಿ ಗಂಡಸರ ಕೈಗೆ ಕೊಡುತ್ತಿದ್ದರು. ಕಡಂಬುಟ್ಟು ಎಂಬ ಅಕ್ಕಿಯ ಕಡುಬು, ಪಂದಿ ಕರಿ ಎಂಬ ಹಂದಿ ಸಾರಿನ ಊಟವಾದ ಮೇಲೆ ಊರ ಮಂದ್‌ನಲ್ಲಿ, ಅಂದರೆ ಊರ ಬಯಲಿನಲ್ಲಿ, ಆಟೋಟ. ಎತ್ತರದ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಅದರ ಮುಖ್ಯ ಭಾಗ. ಬೇಟೆಯ ಕಾಲಕ್ಕೆ ಮುಂಚೆ ಕೋವಿಯನ್ನೂ ಕೈಯನ್ನೂ ಊರೆದುರು ಪರೀಕ್ಷಿಸುವ ಏರ್ಪಾಡು ಅದು. ಅದಕ್ಕೆ ಅಧಿಸೂಚನೆ ಬೇಕಿರಲಿಲ್ಲ, ಹಬ್ಬವೇ ಸಾಕಿತ್ತು.

ಆ ಬೇಟೆ ಈಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೇಶದಲ್ಲಿ ಶೋಕಿಯ ಶಿಕಾರಿ ಮುಗಿದ ಅಧ್ಯಾಯ. ತೆಂಗಿನಕಾಯಿ ಉಳಿದುಕೊಂಡಿದೆ, ಹೆಂಗಸರೂ ಹುಡುಗರೂ ಸಾಲಿನಲ್ಲಿ ನಿಂತು ಹೊಡೆಯುತ್ತಾರೆ. ಕೋವಿ ಪರವಾನಗಿಯಿಂದ ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಇದ್ದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ, ಪ್ರಾಣಿ ಹೊಡೆಯುವುದಕ್ಕಲ್ಲ.

ಇತ್ತ ಮಲೆನಾಡಿನ ಪತ್ರಿಕೆಗಳಲ್ಲಿ ಆಗಾಗ ಒಂದು ಸುದ್ದಿ ಕಾಣುತ್ತದೆ: ಕಾಡುಹಂದಿಯೆಂದು ಹೊಡೆದ ಗುಂಡಿಗೆ ಜೊತೆಗಾರನೇ ಬಲಿ. ಕತ್ತಲಲ್ಲಿ ಪೊದೆ ಅಲುಗಿತು, ಈಡು ಹಾರಿತು. ಗುರಿಯೇನು, ಗುರಿಯ ಹಿಂದೆ ಏನಿದೆ ಎಂದು ತಿಳಿಯದೆ ಟ್ರಿಗರಿಗೆ ಬೆರಳು ಹಾಕಬಾರದು ಎಂಬುದು ಜಗತ್ತಿನ ಎಲ್ಲ ಗುರಿ ಮೈದಾನಗಳ ಮೊದಲ ಪಾಠ. ಕದ್ದು ಬೇಟೆಯಾಡುವವನು ಮೈದಾನಕ್ಕೆ ಹೋಗುವುದಿಲ್ಲ, ಪರೀಕ್ಷೆ ಬರೆಯುವುದಿಲ್ಲ, ಗಾಯಗೊಂಡು ಓಡಿದ ಪ್ರಾಣಿಯ ಹಿಂದೆ ನಾಯಿ ಬಿಡುವುದೂ ಇಲ್ಲ. ಕಾನೂನು ಮುರಿಯುವುದರ ಜೊತೆಗೆ ಶಿಕಾರಿಯ ಮರ್ಯಾದೆಯನ್ನೂ ಅವನು ಮುರಿಯುತ್ತಾನೆ.

ಗುರಿ ಹೊಡೆಯುವ ಆಸೆ ತಪ್ಪಲ್ಲ. ನೋಂದಾಯಿತ ರೈಫಲ್ ಕ್ಲಬ್ಬುಗಳಲ್ಲಿ, ತರಬೇತುದಾರರ ಎದುರು, 10 ಮೀಟರ್ ಏರ್ ರೈಫಲಿನಿಂದ ಶುರು ಮಾಡಬಹುದು. ಉಸಿರು, ಟ್ರಿಗರ್, ಬೆಚ್ಚದ ಕಣ್ಣು ಎಲ್ಲದರ ಪಾಠವೂ ಅಲ್ಲೇ ಸಿಗುತ್ತದೆ. ಕಾಡಿಗೆ ಹೋಗುವಾಗ ಕೋವಿ ಬೇಡ. ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯ ಪ್ರಾಣಿಯನ್ನು ಕೊಂದವರಿಗೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಮೇಲೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ.